ಶ್ ಸರ್ ತೆಗೆಸಿದ ಸಿನಿಮಾ

"ಈ ವರ್ಷ ನಮ್ಮ ಲೈಬ್ರರಿಯಲ್ಲಿ ಇತಿಹಾಸ ನಿರ್ಮಾಣ ಆಗುತ್ತೆ, ನೋಡ್ತಾ ಇರು!"

ಇಂಥ ಘನಘೋರ ಪ್ರತಿಜ್ಞೆಯನ್ನು ಶಾಲೆಯ ಗ್ರಂಥಪಾಲಕರು ಮಾಡಿದ್ದು ಯಾವ ವೇದಿಕೆಯ ಮೇಲೂ ಅಲ್ಲ. ತಮ್ಮ ಮನೆಯ ಬಚ್ಚಲ ಬಾಗಿಲಲ್ಲಿ, ಬಾಯಿತುಂಬ ಟೂತ್‌ಪೇಸ್ಟಿನ ನೊರೆ ತುಂಬಿಕೊಂಡು.

"ಮೊದಲು ಬಾಯಿ ಮುಕ್ಕಳಿಸಿ. ನಿರ್ಮಾಣ ಆಮೇಲೆ ಮಾಡೋರಂತೆ," ಎಂದರು ಹೆಂಡತಿ, ಕಾರಿನ ಕೀಲಿ ಹುಡುಕುತ್ತಾ.

ಆಕೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವರು. ಪಕ್ಕದ ಸೀಟಿನಲ್ಲಿ ಕೂತು, ಕಾಲ ಬುಡದಲ್ಲಿ ತಮ್ಮದೇ ಒಂದು ಬ್ರೇಕ್ ಇಟ್ಟುಕೊಂಡು, ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದ್ದರು. ಆ ಬ್ರೇಕಿನ ಅಭ್ಯಾಸ ಮನೆಯಲ್ಲೂ ಬಿಟ್ಟಿರಲಿಲ್ಲ. ಗಂಡನ ಮಾತು ಮೂರನೇ ಗೇರಿಗೆ ಏರಿತೆಂದರೆ ಸಾಕು, ಅವರ ಬಲಗಾಲು ತನ್ನಷ್ಟಕ್ಕೆ ತಾನೇ ನೆಲ ಒತ್ತುತ್ತಿತ್ತು.

ಗ್ರಂಥಪಾಲಕರಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಕ್ಕಳಿಗೆ, ಜೊತೆಯ ಮೇಷ್ಟ್ರುಗಳಿಗೆ, ಕೊನೆಗೆ ಗೇಟಿನ ಕಾವಲುಗಾರನಿಗೂ ಅವರು "ಶ್ ಸರ್". ಕುರ್ಚಿ ಕಿರುಗುಟ್ಟಿದರೆ "ಶ್!" ಪುಟ ಜೋರಾಗಿ ಮಗುಚಿದರೆ "ಶ್!" ಒಮ್ಮೆ ಫ್ಯಾನು ಕಟಕಟ ಎಂದಾಗ ಅದಕ್ಕೂ ತಲೆಯೆತ್ತಿ "ಶ್!" ಎಂದರು, ಫ್ಯಾನು ಗಪ್ ಎಂದು ನಿಂತುಬಿಟ್ಟಿತು! ಕರೆಂಟು ಹೋಗಿತ್ತು, ಅಷ್ಟೇ. ಆದರೆ ಶ್ ಸರ್ ಆ ಕೀರ್ತಿಯನ್ನು ಸುತರಾಂ ಬಿಟ್ಟುಕೊಡಲಿಲ್ಲ.

ಈಗಿನ ಪ್ರತಿಜ್ಞೆಗೆ ಕಾರಣ ಗಣಿತದ ಮೇಷ್ಟ್ರು. ಹಿಂದಿನ ದಿನ ಅವರು ಸ್ಟಾಫ್ ರೂಮಿನಲ್ಲಿ, ಎಲ್ಲರೆದುರು, ಹೆಡ್ ಮೇಡಂ ಹತ್ತಿರ ಬೇಡಿಕೆ ಇಟ್ಟಿದ್ದರು.

"ಮೇಡಂ, ಏಳನೇ ಕ್ಲಾಸಿಗೆ ವಾರಕ್ಕೊಂದು ಲೈಬ್ರರಿ ಪೀರಿಯಡ್ ಅಂತ ಇದೆಯಲ್ಲ, ಅಲ್ಲಿ ಮಕ್ಕಳು ಏನು ಮಾಡ್ತಾರೆ ಗೊತ್ತಾ? ನಿದ್ದೆ! ಇವರು ಕಥೆ ಓದಿ ಹೇಳ್ತಾರೆ, ಅವು ಕಣ್ಣು ಮುಚ್ತವೆ. ನಾನೇ ಕಿಟಕಿಯಿಂದ ನೋಡಿದೀನಿ. ಆ ಪೀರಿಯಡ್ ನನಗೆ ಕೊಡಿ, ಭಿನ್ನರಾಶಿ ಮಾಡಿಸ್ತೀನಿ."

"ನಿಮ್ಮ ಕ್ಲಾಸಲ್ಲಿ ಯಾರೂ ನಿದ್ದೆ ಮಾಡಲ್ವೇನ್ರೀ?" ಶ್ ಸರ್ ಕೆಣಕಿದರು.

"ಮಾಡ್ತಾರೆ. ಆದರೆ ಕಣ್ಣು ಬಿಟ್ಕೊಂಡು ಮಾಡ್ತಾರೆ. ಅದಕ್ಕೆ ಶಿಸ್ತು ಅಂತಾರೆ!"

ಹೆಡ್ ಮೇಡಂ ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿ ತೀರ್ಪು ಕೊಟ್ಟರು. "ಮುಂದಿನ ತಿಂಗಳು ಪೋಷಕರ ಸಭೆ ಇದೆ. ಲೈಬ್ರರಿಯಲ್ಲಿ ಮಕ್ಕಳು ಏನು ಕಲಿತರು ಅಂತ ಅವತ್ತು ತೋರಿಸಿ. ಚೆನ್ನಾಗಿದ್ರೆ ಪೀರಿಯಡ್ ನಿಮ್ಮದು. ಇಲ್ಲದಿದ್ರೆ ಭಿನ್ನರಾಶಿಗೆ!"

ಹೊರಗೆ ಎದೆಯುಬ್ಬಿಸಿ "ಆಗಲಿ ಮೇಡಂ!" ಎಂದು ಬಂದರೂ ಶ್ ಸರ್‌ಗೆ ಒಳಗೊಳಗೇ ಚುಚ್ಚುತ್ತಿತ್ತು. ವಾರವೆಲ್ಲ ಪುಸ್ತಕದ ಧೂಳು ಒರೆಸುವ ಅವರಿಗೆ ಆ ಒಂದು ಪೀರಿಯಡ್ ಅಂದರೆ ಪ್ರಾಣ. ಅದು ಹೋದರೆ ತಾವು ಬರೀ ಕಪಾಟು ಕಾಯುವವರು. ಅದಕ್ಕಿಂತ ಹೆಚ್ಚಿನ ಸಂಕಟವೆಂದರೆ, ಗಣಿತದವರು ಹೇಳಿದ್ದು ಸುಳ್ಳಾಗಿರಲಿಲ್ಲ. ಕಥೆ ಓದುವಾಗ ಮಕ್ಕಳು ಕಣ್ಣು ಮುಚ್ಚುವುದನ್ನು ಅವರೂ ಕಂಡಿದ್ದರು. ಕಂಡು, ಯಾರಿಗೂ ಹೇಳದೆ ನೊಂದುಕೊಂಡಿದ್ದರು.

ಹಾಗಾಗಿ ಹೊಸ ಅಸ್ತ್ರ! ಡಿಜಿಟಲ್ ಕಥೆ! ಮಕ್ಕಳು ನಾಲ್ಕು ತಂಡವಾಗಿ ಒಬ್ಬೊಬ್ಬರ ಜೀವನಚರಿತ್ರೆಯನ್ನು ಸಿನಿಮಾ ಮಾಡುವುದು. ಫೋನಿನಲ್ಲಿ ಫೋಟೋ ತೆಗೆಯುವುದು, ತಮ್ಮದೇ ದನಿಯಲ್ಲಿ ಕಥೆ ಹೇಳುವುದು, ಎರಡನ್ನೂ ಸೇರಿಸಿ ಲೈಬ್ರರಿಯ ಗೋಡೆಯ ಮೇಲೆ ಬಿಡುವುದು.

"ಚರಿತ್ರೆ ಅಂದರೆ ಹೊಗಳಿಕೆ ಅಲ್ಲ," ಎಂದು ಅವರು ಮೊದಲ ದಿನವೇ ಗುಡುಗಿದರು, ಲೈಬ್ರರಿಯಲ್ಲಿ ಎಷ್ಟು ಮೆಲ್ಲಗೆ ಗುಡುಗಬಹುದೋ ಅಷ್ಟು ಮೆಲ್ಲಗೆ. "ಒಬ್ಬ ಮನುಷ್ಯ ತನ್ನ ಬಗ್ಗೆ ತಾನೇ ಹೇಳಿಕೊಂಡಿದ್ದನ್ನ ನಂಬಬೇಡಿ. ಅವನನ್ನ ಹತ್ತಿರದಿಂದ ಬಲ್ಲವರನ್ನ ಕೇಳಿ. ಆಧಾರ ಬೇಕು, ಆಧಾರ! ಆಮೇಲೆ ಕುತೂಹಲ ಇರಬೇಕು. ಹೆಸರನ್ನ ಕಟ್ಟಕಡೆಗೆ ಹೇಳಿ. ಮೂರು ನಿಮಿಷ ಅಂದರೆ ಮೂರೇ ನಿಮಿಷ, ಒಂದು ಸೆಕೆಂಡ್ ಆಚೆ ಈಚೆ ಆಗಕೂಡದು. ಮತ್ತೆ, ದೊಡ್ಡವರಿರಲಿ ಚಿಕ್ಕವರಿರಲಿ, ಚರಿತ್ರೆಯಲ್ಲಿ ಎಲ್ಲರಿಗೂ ಮರ್ಯಾದೆ ಕೊಟ್ಟು 'ಇವರು' ಅಂತಲೇ ಹೇಳಬೇಕು."

"ಸರ್, ಬೇಕರಿ ಬೆಕ್ಕಿನ ಚರಿತ್ರೆ ಮಾಡಬಹುದಾ?" ಹಿಂದಿನ ಬೆಂಚಿನಿಂದ ಒಂದು ದನಿ.

ಇಡೀ ಕ್ಲಾಸು ಕಿಸಕ್ಕೆಂದಿತು. ಶ್ ಸರ್ ಮಾತ್ರ ಗಂಭೀರವಾಗಿ ಕೈಯೆತ್ತಿ, "ಬದುಕಿರೋ ಪ್ರತಿಯೊಂದು ಜೀವಕ್ಕೂ ಒಂದು ಚರಿತ್ರೆ ಇದೆ, ಮಗು!" ಎಂದರು. ತಮ್ಮ ಮಾತು ತಮಗೇ ಎಷ್ಟು ಹಿಡಿಸಿತೆಂದರೆ ಅದನ್ನು ಬೋರ್ಡಿನ ಮೇಲೂ ಬರೆದರು.

"ಬೆಕ್ಕಿಗೂ 'ಇವರು' ಅನ್ನಬೇಕಾ ಸರ್?"

"ಬೆಕ್ಕಿಗೂ!"

ಹೀಗೆ ಒಂದು ತಂಡ ಬೇಕರಿ ಬೆಕ್ಕಿನ ಬೆನ್ನು ಹತ್ತಿತು. ಇನ್ನೊಂದು ತಂಡ, ಹೆಡ್ ಮೇಡಂ ಕಣ್ಸನ್ನೆ ಮಾಡಿದ್ದರಿಂದ, ಶಾಲೆಯ ಅಧ್ಯಕ್ಷರನ್ನು ಆರಿಸಿಕೊಂಡಿತು. ಅವರು ಸಿಮೆಂಟಿನ ದೊಡ್ಡ ವ್ಯಾಪಾರಿ, ಮೀಸೆಯೂ ವ್ಯಾಪಾರದಷ್ಟೇ ದೊಡ್ಡದು. ಮೂರನೇ ತಂಡ ತಮ್ಮಲ್ಲೇ ಒಬ್ಬಳ ಅಜ್ಜಿಯನ್ನು ಹಿಡಿಯಿತು. ಅರವತ್ತೆಂಟನೇ ವಯಸ್ಸಿನಲ್ಲಿ ಕಾರು ಕಲಿತ ಅಜ್ಜಿ, ಶ್ ಸರ್ ಹೆಂಡತಿಯ ಶಿಷ್ಯೆ. ಉಳಿದದ್ದು ನಾಲ್ಕನೇ ತಂಡ. ಅದಕ್ಕೆ ಯಜಮಾನಿ ಎರಡು ಜಡೆಯ ಒಬ್ಬ ಹುಡುಗಿ. ಎಲ್ಲರಿಗೂ "ಅಲ್ಲಿ ನಿಲ್ಲು, ಇಲ್ಲಿ ನೋಡು, ಮತ್ತೊಮ್ಮೆ ನಗು" ಎಂದು ಅಪ್ಪಣೆ ಕೊಡುತ್ತಿದ್ದುದರಿಂದ ಅವಳಿಗೆ ಡೈರೆಕ್ಟರಮ್ಮ ಎಂದೇ ಹೆಸರು.

"ನೀವು ಯಾರದ್ದಮ್ಮಾ ಮಾಡೋದು?" ಶ್ ಸರ್ ಕೇಳಿದರು.

"ನಿಮ್ಮದು ಸರ್."

ಶ್ ಸರ್ ಮುಖ ಅರಳಿ ಹೋಯಿತು! "ಛೆ ಛೆ, ನನ್ನಂಥವನದ್ದು ಏನಿದೆ ಮಗು," ಎನ್ನುತ್ತಲೇ ಕೈ ತಲೆಗೂದಲನ್ನು ಸರಿಮಾಡಿಕೊಂಡಿತು. ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಲೈಬ್ರರಿಯ ಅತಿ ದಪ್ಪ ಪುಸ್ತಕವನ್ನು ಕೈಯಲ್ಲಿ ಹಿಡಿದು, ಗಲ್ಲಕ್ಕೆ ಬೆರಳು ಕೊಟ್ಟು, ಕಿಟಕಿಯಾಚೆ ಏನೋ ಮಹತ್ತಾದದ್ದು ಕಂಡವರಂತೆ ನಿಂತರು. ಪುಸ್ತಕ ತಲೆಕೆಳಗಾಗಿತ್ತು. ಡೈರೆಕ್ಟರಮ್ಮ ಅದನ್ನು ಕಂಡರೂ ತುಟಿ ಬಿಚ್ಚದೆ ಫೋಟೋ ಹೊಡೆದಳು.

"ನನ್ನ ಜೀವನದ ಮುಖ್ಯ ಘಟನೆಗಳನ್ನೆಲ್ಲ ನಾನೇ ಹೇಳಿಬಿಡ್ಲಾ?" ಎಂದರು ಶ್ ಸರ್. "ನಿಮಗೂ ಸುಲಭ ಆಗುತ್ತೆ."

"ಬೇಡ ಸರ್. ತನ್ನ ಬಗ್ಗೆ ತಾನೇ ಹೇಳಿಕೊಂಡಿದ್ದನ್ನ ನಂಬಬೇಡಿ ಅಂತ ನೀವೇ ಹೇಳಿದ್ರಲ್ಲ."

"ಭೇಷ್!" ಎಂದು ಬೆನ್ನು ತಟ್ಟಿದರು ಶ್ ಸರ್. ಹತ್ತಿರದಿಂದ ಬಲ್ಲವರೆಂದರೆ ಹೆಡ್ ಮೇಡಂ ಇರಬಹುದು, ತಮ್ಮ ಹಳೆಯ ವಿದ್ಯಾರ್ಥಿಗಳಿರಬಹುದು ಎಂದು ಲೆಕ್ಕ ಹಾಕಿದರು. ಮನೆಯಲ್ಲೂ ಒಬ್ಬರಿದ್ದಾರೆ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಶ್ ಸರ್ ಮನೆಗೆ ಬರುವಾಗ ಬಾಗಿಲಲ್ಲಿ ಡ್ರೈವಿಂಗ್ ಸ್ಕೂಲಿನ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಡೈರೆಕ್ಟರಮ್ಮನ ತಂಡ, ಕೈಯಲ್ಲಿ ಬನ್ನು, ಮುಖದಲ್ಲಿ ತಡೆಯಲಾರದ ನಗು. ಇವರನ್ನು ಕಂಡೊಡನೆ ಎಲ್ಲ ಬಾಯಿಗಳೂ ಮುಚ್ಚಿಕೊಂಡವು.

"ಏನು, ಮಕ್ಕಳೆಲ್ಲ ಇಲ್ಲಿ?"

"ರಸ್ತೆ ನಿಯಮ ಕೇಳೋಕೆ ಬಂದಿದ್ರು," ಎಂದರು ಹೆಂಡತಿ, ಫೋನನ್ನು ಬ್ಯಾಗಿನೊಳಗೆ ತುರುಕುತ್ತಾ.

ಕೆಲಸ ಭರದಿಂದ ಸಾಗಿತು. ದನಿ ಮುದ್ರಿಸಲು ಸದ್ದಿಲ್ಲದ ಜಾಗ ಬೇಕೆಂದಾಗ ಶ್ ಸರ್ ಹಳೆಯ ಪೇಪರ್ ತುಂಬಿಟ್ಟ ಕೋಣೆಯನ್ನೇ ಬಿಟ್ಟುಕೊಟ್ಟರು. ಛಾವಣಿಯವರೆಗೆ ಪೇಪರ್ ಕಟ್ಟು; ಒಳಗೆ ಕಿರುಚಿದರೂ ಹೊರಗೆ ಕೇಳದು. ಮಕ್ಕಳು ಒಳಹೋಗಿ ಬಾಗಿಲು ಹಾಕಿಕೊಂಡು ಮಾತಾಡುವುದು, ಬೆವರಿ ಸೀನುತ್ತ ಹೊರಬರುವುದು. ಲೈಬ್ರರಿಯಲ್ಲಿ ಎಂದೂ ಇಲ್ಲದ ಕಳೆ. ಗಣಿತದ ಮೇಷ್ಟ್ರು ಕಿಟಕಿಯಿಂದ ಇಣುಕಿ, "ನಿದ್ದೆಯಿಂದ ಎದ್ದು ಸೀನ್ತಾ ಇದಾರೆ, ಪ್ರಗತಿ!" ಎಂದು ಹೋದರು.

ಇಲ್ಲಿಯವರೆಗೆ ಎಲ್ಲವೂ ಸುಸೂತ್ರ. ಕೆಟ್ಟದ್ದು ಶ್ ಸರ್ ಒಳಗಿನ ಗ್ರಂಥಪಾಲಕ ಎದ್ದು ಕೂತಾಗ!

ಲೈಬ್ರರಿಯಲ್ಲಿ ಪ್ರತಿಯೊಂದು ವಿಷಯಕ್ಕೂ ಒಂದು ನಂಬರು ಇರುತ್ತದೆ. ಜೀವನಚರಿತ್ರೆಯ ಪುಸ್ತಕ ಯಾರದ್ದೇ ಆಗಲಿ, ಬೆನ್ನಿನ ಮೇಲೆ ಒಂಬೈನೂರ ಇಪ್ಪತ್ತು. ಶ್ ಸರ್ ಪಾಲಿಗೆ ಅದು ಬ್ರಹ್ಮಲಿಪಿ. ಮಕ್ಕಳು ಫೋಟೋಗಳ ಕಟ್ಟಿಗೆ "ಅಜ್ಜಿ", "ಬೆಕ್ಕು", "ಮೀಸೆ ಅಂಕಲ್" ಎಂದು ಹೆಸರಿಟ್ಟು ತಂದಾಗ ಅವರು ಹೌಹಾರಿದರು.

"ಇದೇನು ಸಂತೆನಾ, ಲೈಬ್ರರಿನಾ? ಜೀವನಚರಿತ್ರೆ ಅಂದಮೇಲೆ ಎಲ್ಲದರ ಹೆಸರೂ ಒಂಬೈನೂರ ಇಪ್ಪತ್ತು! ಬದಲಾಯಿಸಿ!"

"ಎಲ್ಲಕ್ಕೂ ಒಂದೇ ಹೆಸರಿಟ್ರೆ ಗೊತ್ತಾಗೋದು ಹೇಗೆ ಸರ್?" ಡೈರೆಕ್ಟರಮ್ಮ ಕೇಳಿದಳು.

"ಇಷ್ಟು ವರ್ಷದಿಂದ ಕಪಾಟಿನ ತುಂಬ ಗೊತ್ತಾಗ್ತಾ ಇಲ್ವಾ?"

ಕಪಾಟಿನ ಪುಸ್ತಕಕ್ಕೆ ನಂಬರಿನ ಜೊತೆ ಮುಖಪುಟವೂ ಇರುತ್ತದೆ ಎಂಬುದು ಅವರಿಗೆ ನೆನಪಾಗಲಿಲ್ಲ. ಸೋಮವಾರ ನಾಲ್ಕೂ ತಂಡ ಸಾಲಾಗಿ ಬಂದು ಫೋಟೋಗಳನ್ನು ಲೈಬ್ರರಿಯ ಕಂಪ್ಯೂಟರಿಗೆ ಹಾಕಿದವು. ಒಂದೇ ಹೆಸರಿನ ನಾಲ್ಕು ಕಟ್ಟು ಕಂಡು ಕಂಪ್ಯೂಟರ್ ತನ್ನ ಪಾಡಿಗೆ ತಾನು, ಬಂದ ಸರದಿಯಂತೆ, ಒಂದು, ಎರಡು, ಮೂರು, ನಾಲ್ಕು ಎಂದು ಬಾಲ ಅಂಟಿಸಿತು. ಗುರುವಾರ ದನಿಗಳು ಬಂದವು; ಅವಕ್ಕೂ ಬಾಲ ಅಂಟಿತು. ಆದರೆ ಅವತ್ತು ಸರದಿ ಬೇರೆ! ಸೋಮವಾರ ಮೊದಲು ಬಂದಿದ್ದು ಅಧ್ಯಕ್ಷರ ತಂಡ. ಗುರುವಾರ ಮೊದಲು ನುಗ್ಗಿದ್ದು ಬೆಕ್ಕಿನ ತಂಡ. ಎರಡು ದಿನವೂ ಕೊನೆಗೆ ಬಂದಿದ್ದು ಡೈರೆಕ್ಟರಮ್ಮ ಒಬ್ಬಳೇ. ಅವಳಿಗೆ ಯಾವುದೂ ಒಂದೇ ಸಲಕ್ಕೆ ಒಪ್ಪಿಗೆಯಾಗುತ್ತಿರಲಿಲ್ಲ.

ಶ್ ಸರ್ ಒಂದನೇ ಫೋಟೋಗೆ ಒಂದನೇ ದನಿ, ಎರಡನೆಯದಕ್ಕೆ ಎರಡನೆಯದು ಎಂದು ಜೋಡಿಸುತ್ತಾ ಹೋದರು. ಎಲ್ಲವೂ ಸರಿಯಾಗಿ ಮೂರು ಮೂರು ನಿಮಿಷ. ಅಳತೆ ಕೊಟ್ಟು ಹೊಲಿಸಿದಂತೆ ಕೂತವು!

"ಸರ್, ಒಂದು ಸಲ ಸೌಂಡ್ ಹಾಕಿ ಕೇಳೋಣ," ಎಂದಳು ಡೈರೆಕ್ಟರಮ್ಮ.

"ಲೈಬ್ರರಿಯಲ್ಲಿ ಸೌಂಡಾ? ಶ್!"

ಹೀಗೆ ಲೋಕದಲ್ಲೇ ಮೊದಲ ಬಾರಿಗೆ ಒಂದು ಮಾತಿನ ಸಿನಿಮಾ ಕಿವಿಗೆ ಬೀಳದೆಯೇ ಸಿದ್ಧವಾಯಿತು. ಸಂಜೆ ಮನೆಯಲ್ಲಿ ಶ್ ಸರ್ ಕಾಲ ಮೇಲೆ ಕಾಲು ಹಾಕಿ ಕೂತು, "ನಾಳೆ ನೋಡು, ಗಣಿತದವರ ಮುಖ ಹುಳ್ಳಗಾಗುತ್ತೆ," ಎಂದರು.

"ಒಂದು ಸಲ ಪೂರ್ತಿ ನೋಡಿ, ಕೇಳಿ, ಸರಿಯಾಗಿದೆಯಾ ಅಂತ ಖಚಿತ ಮಾಡಿಕೊಂಡ್ರಾ?"

"ಎಲ್ಲ ನಂಬರ್ ಪ್ರಕಾರ ಇದೆ ಕಣೇ!"

"ಹಿಂದೆ ನೋಡದೆ ರಿವರ್ಸ್ ತೆಗೆಯೋರೆಲ್ಲ ಹೀಗೇ ಅನ್ನೋದು," ಎಂದರು ಹೆಂಡತಿ. ಅವರ ಬಲಗಾಲು ನೆಲವನ್ನು ಬಲವಾಗಿ ಒತ್ತುತ್ತಿತ್ತು. ಶ್ ಸರ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಕಾಲಿಗೂ ಹಾಕಿಕೊಳ್ಳಲಿಲ್ಲ.

ಪೋಷಕರ ಸಭೆಯ ದಿನ ಲೈಬ್ರರಿ ತುಂಬಿ ತುಳುಕಿತು. ಕಪಾಟುಗಳನ್ನು ಗೋಡೆಗೆ ಸರಿಸಿ ಬೆಂಚು ಹಾಕಿದ್ದರು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಪಕ್ಕದಲ್ಲಿ ಅವರ ಪತ್ನಿ, ಹೆಡ್ ಮೇಡಂ, ಗಣಿತದ ಮೇಷ್ಟ್ರು. ಎರಡನೇ ಸಾಲಿನಲ್ಲಿ ಕಾರು ಕಲಿತ ಅಜ್ಜಿ, ಅವರ ಪಕ್ಕ ಅವರ ಗುರು, ಅಂದರೆ ಶ್ ಸರ್ ಹೆಂಡತಿ. ಬೇಕರಿಯವರೂ ಬಂದಿದ್ದರು, ಬೆಕ್ಕು ಬಂದಿರಲಿಲ್ಲ.

ಶ್ ಸರ್ ಮೈಕ್ ಹಿಡಿದರು. "ಮಾನ್ಯರೇ! ಇಂದು ನೀವು ನೋಡಲಿರೋದು ಬರೀ ಸಿನಿಮಾ ಅಲ್ಲ. ಆಧಾರಸಹಿತ ಸತ್ಯ! ಇದರಲ್ಲಿ ಒಂದಕ್ಷರ ಆಚೆ ಈಚೆ ಆಗಿದ್ರೆ ನನ್ನ ಪೀರಿಯಡ್ ಕಿತ್ಕೊಳ್ಳಿ!"

"ಬರೆದಿಟ್ಕೊಳ್ಳಿ ಮೇಡಂ," ಎಂದರು ಗಣಿತದವರು.

ದೀಪ ಆರಿತು. ಗೋಡೆಯ ಮೇಲೆ ಅಧ್ಯಕ್ಷರು ಮೂಡಿದರು. ತಲೆಗೆ ಹಳದಿ ಟೋಪಿ, ಹಿಂದೆ ಅರ್ಧ ಕಟ್ಟಿದ ಕಟ್ಟಡ. ಸ್ಪೀಕರಿನಿಂದ ಒಂದು ಎಳೆಯ ದನಿ ಗಂಭೀರವಾಗಿ ಶುರುವಾಯಿತು.

"ಇವರಿಗೆ ಕೆಲಸ ಮಾಡುವುದೆಂದರೆ ಆಗುವುದಿಲ್ಲ. ಆದರೆ ಯಾರಾದರೂ ಕೆಲಸ ಮಾಡುತ್ತಿದ್ದರೆ ಹತ್ತಿರ ಹೋಗಿ ಕೂತು ನೋಡುತ್ತಾರೆ."

ಲೈಬ್ರರಿ ಗಕ್ಕನೆ ಉಸಿರು ಹಿಡಿಯಿತು. ಅಧ್ಯಕ್ಷರ ಮೀಸೆ ಒಮ್ಮೆ ಅಲುಗಿತು. ಗೋಡೆಯ ಮೇಲೆ ಅವರು ಯಾರಿಂದಲೋ ಪ್ರಶಸ್ತಿ ಪಡೆಯುತ್ತಿದ್ದರು.

"ಇವರ ತಲೆ ಸವರಿದರೆ ಕಣ್ಣು ಮುಚ್ಚಿ ಗುರುಗುಟ್ಟುತ್ತಾರೆ. ಸವರುವುದನ್ನು ನಿಲ್ಲಿಸಿದರೆ ಪರಚಲು ಬರುತ್ತಾರೆ."

"ಅಯ್ಯೋ, ನಾನಂತೂ ಯಾರಿಗೂ ಹೇಳಿಲ್ಲಪ್ಪಾ!" ಎಂದರು ಅಧ್ಯಕ್ಷರ ಪತ್ನಿ.

ಶ್ ಸರ್ ಕಂಗಾಲಾದರು. ಇದೇನು, ಮಕ್ಕಳು ಇಷ್ಟು ಖಾರವಾಗಿ ಬರೆದಿದ್ದಾರಾ? ಗೋಡೆಯ ಮೇಲೆ ಅಧ್ಯಕ್ಷರು ಸೂಟು ಹಾಕಿಕೊಂಡು ಭಾಷಣ ಮಾಡುತ್ತಿದ್ದರು, ದನಿ ಹೇಳುತ್ತಿತ್ತು: "ಒಮ್ಮೆ ಕೆನೆಯ ಡಬ್ಬಕ್ಕೆ ತಲೆ ತೂರಿಸಿ ಸಿಕ್ಕಿಹಾಕಿಕೊಂಡರು. ಡಬ್ಬದ ಸಮೇತ ಬೀದಿಯೆಲ್ಲಾ ಓಡಿದರು. ಇಂಥ ಇವರೇ, ನಮ್ಮ ಪ್ರೀತಿಯ, ಬೇಕರಿ ಬೆಕ್ಕು!"

ಆಮೇಲೆ ಹಿಂದಿನ ಬೆಂಚಿನಲ್ಲಿ ಯಾರೋ ಪಕ್ಕನೆ ನಕ್ಕರು. ನೋಡನೋಡುತ್ತಿದ್ದಂತೆ ಇಡೀ ಲೈಬ್ರರಿ ಬಿದ್ದು ಬಿದ್ದು ನಗತೊಡಗಿತು. ಶ್ ಸರ್ ಮುಖ ಇಂಗು ತಿಂದ ಮಂಗನಂತಾಯಿತು.

"ನಿಲ್ಲಿಸಿ, ನಿಲ್ಲಿಸಿ!" ಎಂದು ಕಂಪ್ಯೂಟರಿನ ಕಡೆ ಓಡಿದರು. ಕತ್ತಲಲ್ಲಿ ಬೆರಳು ಯಾವ ಗುಂಡಿಗೆ ಬಿತ್ತೋ, ಸಿನಿಮಾ ನಿಲ್ಲುವ ಬದಲು ಎರಡನೆಯದು ಶುರುವಾಯಿತು. ಸದ್ದು ಮಾತ್ರ ಇನ್ನೂ ಜೋರಾಯಿತು.

ಗೋಡೆಯ ಮೇಲೆ ಅಜ್ಜಿ, ಬೊಚ್ಚು ಬಾಯಿ ತುಂಬ ನಗುತ್ತಾ ಸ್ಟೇರಿಂಗ್ ಹಿಡಿದಿದ್ದರು.

"ಇವರು ಸಿಮೆಂಟ್ ವ್ಯಾಪಾರದಲ್ಲಿ ಎತ್ತಿದ ಕೈ. ಇವರ ಮೀಸೆ ಕಂಡರೆ ಲಾರಿ ಡ್ರೈವರುಗಳು ಗಡಗಡ ನಡುಗುತ್ತಾರೆ."

ಅಜ್ಜಿ ಗಾಬರಿಯಿಂದ ತುಟಿಯ ಮೇಲೆ ಬೆರಳಾಡಿಸಿ ನೋಡಿಕೊಂಡರು. ಮೀಸೆ ಇರಲಿಲ್ಲ. ಸಮಾಧಾನವಾಗಿ, "ಲಾರಿಯವರು ನಡುಗೋದು ಮಾತ್ರ ನಿಜ ಕಣಮ್ಮಾ," ಎಂದು ಗುರುವಿಗೆ ಪಿಸುಗುಟ್ಟಿದರು. "ನಿಜ," ಎಂದರು ಗುರು, "ನಾನೂ ನಡುಗಿದೀನಿ."

ಮೂರನೆಯದು ಬರುವ ಹೊತ್ತಿಗೆ ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತಿದ್ದರು. ಬೇಕರಿಯ ಬೆಕ್ಕು, ಕಂದು ಬಿಳಿ ಪಟ್ಟೆಯ ದಢೂತಿ, ನಿಂತ ಕಾರಿನ ಬಾನೆಟ್ಟಿನ ಮೇಲೆ ಮಲಗಿತ್ತು.

"ಅರವತ್ತೆಂಟನೇ ವಯಸ್ಸಿನಲ್ಲಿ ಇವರು ಕಾರು ಕಲಿಯುತ್ತೇನೆಂದು ಹಟ ಹಿಡಿದರು. ಮೊದಲ ದಿನವೇ ಕಾಂಪೌಂಡ್ ಗೋಡೆ ಕೆಡವಿದರು." ಗೋಡೆಯ ಮೇಲೆ ಬೆಕ್ಕು ತನಗೇನೂ ಗೊತ್ತಿಲ್ಲವೆಂಬಂತೆ ಪಂಜ ನೆಕ್ಕುತ್ತಿತ್ತು. "ಈಗ ಇವರು ಮೊಮ್ಮಕ್ಕಳನ್ನೆಲ್ಲ ಕೂರಿಸಿಕೊಂಡು ಊರು ಸುತ್ತುತ್ತಾರೆ. ಹಾರ್ನ್ ಮಾತ್ರ ಬಿಡುವುದೇ ಇಲ್ಲ."

ಬೇಕರಿಯವರು ಹೊಟ್ಟೆ ಹಿಡಿದುಕೊಂಡು ಪಕ್ಕದವರ ಹೆಗಲಿಗೆ ಒರಗಿದರು. ಹೆಡ್ ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಶ್ ಸರ್‌ಗೆ ತಿಳಿಯಲಿಲ್ಲ. ಪೀರಿಯಡ್ ಹೋಯಿತು ಎಂದುಕೊಂಡರು.

ಆದರೂ ಧೈರ್ಯ ತಂದುಕೊಂಡು ಮೈಕ್ ಎತ್ತಿದರು. "ದಯವಿಟ್ಟು ಕ್ಷಮಿಸಬೇಕು. ಚಿತ್ರಕ್ಕೂ ದನಿಗೂ ಅದಲು ಬದಲಾಗಿದೆ. ತಪ್ಪು ನನ್ನದು. ಇನ್ನು ಉಳಿದಿರೋದು ನನ್ನ ಚಿತ್ರ ಒಂದೇ. ಅದಕ್ಕೆ ಯಾರ ಕಥೆ ಅಂಟಿಕೊಂಡಿದೆಯೋ ಆ ದೇವರೇ ಬಲ್ಲ. ಯಾರೂ ಮನಸ್ಸಿಗೆ ಹಚ್ಕೋಬೇಡಿ. ನಾನಂತೂ ಹಚ್ಕೊಳ್ಳಲ್ಲ!"

ಗೋಡೆಯ ಮೇಲೆ ಶ್ ಸರ್ ಪ್ರತ್ಯಕ್ಷರಾದರು. ಗಲ್ಲಕ್ಕೆ ಬೆರಳು, ಕೈಯಲ್ಲಿ ತಲೆಕೆಳಗಾದ ಪುಸ್ತಕ, ದೂರದ ನೋಟ. ಡೈರೆಕ್ಟರಮ್ಮನ ದನಿ ಖಣಿಖಣಿ ಎಂದು ಕೇಳಿಸಿತು. ಬೇರೆ ತಂಡದ ಕಥೆಗೂ ಇವಳೇ ದನಿ ಕೊಟ್ಟು ಸಹಾಯ ಮಾಡಿರಬೇಕು ಎಂದುಕೊಂಡರು ಶ್ ಸರ್.

"ಇವರಷ್ಟು ಸದ್ದು ಮಾಡುವವರು ಈ ಊರಿನಲ್ಲೇ ಇಲ್ಲ. ಇವರು ಟೀ ಕುಡಿದರೆ ಸೊರ್ ಸೊರ್ ಸದ್ದು ಬೀದಿಗೆ ಕೇಳುತ್ತದೆ. ಬಾಗಿಲು ಹಾಕಿದರೆ ಗೋಡೆಯ ಗಡಿಯಾರ ನಿಲ್ಲುತ್ತದೆ."

ಶ್ ಸರ್‌ಗೆ ನಗು ತಡೆಯಲಾಗಲಿಲ್ಲ. ಅದುಮಿಟ್ಟಿದ್ದ ದುಃಖವೆಲ್ಲ ನಗುವಾಗಿ ಉಕ್ಕಿತು. "ಯಾರಪ್ಪಾ ಈ ಮಹಾನುಭಾವರು! ಇಂಥವರನ್ನ ನಾನು ಲೈಬ್ರರಿ ಹೊಸಿಲೂ ದಾಟಿಸ್ತಿರಲಿಲ್ಲ!"

"ಇವರು ಬಚ್ಚಲಲ್ಲಿ ಹಾಡುತ್ತಾರೆ. ಆಗ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ. ಇನ್ನು ಇವರ ಗೊರಕೆ! ಆಧಾರ ಇಲ್ಲದೆ ಏನೂ ಹೇಳಬಾರದೆಂದು ನಮಗೆ ಪಾಠವಾಗಿದೆ. ಆಧಾರ ಕೇಳಿ."

ಸ್ಪೀಕರುಗಳು ಒಮ್ಮೆ ಉಸಿರೆಳೆದುಕೊಂಡವು. ಆಮೇಲೆ, "ಘೊರ್‌ರ್‌ರ್... ಪುಸ್ಸ್! ಘೊರ್‌ರ್‌ರ್... ಪುಸ್ಸ್!" ಕಪಾಟಿನ ಗಾಜುಗಳು ಝಣಝಣ ಎಂದವು. ಮುಂದಿನ ಸಾಲಿನಲ್ಲಿ ಒಂದು ಮಗು ಅಮ್ಮನ ಮಡಿಲಿಗೆ ಹಾರಿತು.

"ಅಯ್ಯಯ್ಯೋ!" ಶ್ ಸರ್ ಮೇಜು ಕುಟ್ಟಿ ಕುಟ್ಟಿ ನಕ್ಕರು. ಕಣ್ಣಲ್ಲಿ ನೀರು ಧಾರಾಕಾರ. "ಇದು ಮನುಷ್ಯರ ಗೊರಕೆನಾ, ರುಬ್ಬೋ ಮೆಶಿನ್ನಾ? ಪಾಪ, ಇವರ ಹೆಂಡತಿ ಹೇಗೆ ಬಾಳ್ತಾ ಇದಾರೋ! ಯಾರು ಇವರು? ಎದ್ದು ನಿಲ್ಲಿ, ಮುಖ ನೋಡೋಣ!"

ಯಾರೂ ಏಳಲಿಲ್ಲ. ನಗುತ್ತಿದ್ದವರೆಲ್ಲ ಶ್ ಸರ್ ಕಡೆಗೇ ನೋಡುತ್ತಿದ್ದರು. ಗಣಿತದ ಮೇಷ್ಟ್ರು ನಿಧಾನವಾಗಿ ತಿರುಗಿದರು.

"ಸರ್, ದನಿ ಒಟ್ಟು ಎಷ್ಟು?"

"ನಾಲ್ಕು."

"ಬೆಕ್ಕಿನದು ಆಯ್ತು, ಅಧ್ಯಕ್ಷರದ್ದಾಯ್ತು, ಅಜ್ಜಿದಾಯ್ತು. ನಾಲ್ಕರಲ್ಲಿ ಮೂರು ಕಳೆದರೆ?"

ಶ್ ಸರ್ ಬೆರಳು ಮಡಚಿದರು. ಒಂದು, ಎರಡು, ಮೂರು. ನಾಲ್ಕನೇ ಬೆರಳು ಮಡಚದೆ ಅಲ್ಲೇ ನಿಂತಿತು. ಮೆಲ್ಲಗೆ ತಲೆ ತಿರುಗಿಸಿ ಎರಡನೇ ಸಾಲಿನತ್ತ ನೋಡಿದರು. ಹೆಂಡತಿ ಅಜ್ಜಿಯ ಸೆರಗಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು. ಭುಜ ಮಾತ್ರ ಕುಣಿಯುತ್ತಿತ್ತು.

"ಇದು... ಇದು ಸುಳ್ಳು! ನಾನು ಗೊರಕೆ ಹೊಡೆಯೋದನ್ನ ನಾನು ಒಂದು ದಿನವೂ ಕೇಳಿಲ್ಲ!"

ಲೈಬ್ರರಿಯ ನಗೆಗೆ ಹಂಚು ಹಾರುವುದೊಂದು ಬಾಕಿ. ಆದರೆ ಡೈರೆಕ್ಟರಮ್ಮನ ದನಿ ಇನ್ನೂ ಮುಗಿದಿರಲಿಲ್ಲ.

"ಇವರು ನಮಗೆ ಮಾತ್ರ ಸದ್ದು ಮಾಡಬೇಡಿ ಅನ್ನುತ್ತಾರೆ. ಆದರೆ ಕಥೆ ಓದಲು ಕೂತರೆ ಸಿಂಹವೂ ಇವರೇ, ರೈಲೂ ಇವರೇ, ಬಿರುಗಾಳಿಯೂ ಇವರೇ. ಆಗ ನಾವು ಕಣ್ಣು ಮುಚ್ಚಿಕೊಳ್ಳುತ್ತೇವೆ. ನಿದ್ದೆ ಮಾಡುತ್ತೇವೆಂದು ಯಾರೋ ಹೇಳಿದರಂತೆ. ಅಲ್ಲ. ಕಣ್ಣು ಮುಚ್ಚಿದರೆ ಎಲ್ಲ ಚೆನ್ನಾಗಿ ಕಾಣುತ್ತದೆ. ಇಡೀ ವಾರ ನಾವು ಕಾಯುವುದು ಆ ಒಂದು ಪೀರಿಯಡ್ಡಿಗೆ. ಇವರೇ ನಮ್ಮ ಶ್ ಸರ್!"

ದೀಪ ಹತ್ತಿತು. ಚಪ್ಪಾಳೆಯೋ ಚಪ್ಪಾಳೆ! ಶ್ ಸರ್ ಮಾತ್ರ ಕಂಪ್ಯೂಟರಿನ ಹಿಂದೆ ಬಗ್ಗಿ, ಇಲ್ಲದ ವೈರನ್ನು ಹುಡುಕುತ್ತಾ, ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. ಕಣ್ಣು ಮುಚ್ಚಿದರೆ ಎಲ್ಲ ಕಾಣುತ್ತದಂತೆ! ಎಷ್ಟು ದಿನದಿಂದ ತಾವು ಸುಮ್ಮನೆ ಕೊರಗಿದ್ದರು. ಎದೆ ಹಗುರಾಗಿ ಹತ್ತಿಯಂತಾಯಿತು.

ಅಧ್ಯಕ್ಷರು ಎದ್ದರು. ಎಲ್ಲರ ನಗುವೂ ಒಮ್ಮೆ ತಣ್ಣಗಾಯಿತು. ಅವರು ಮೀಸೆ ನೇವರಿಸಿಕೊಂಡು, "ನನ್ನ ಚಿತ್ರಕ್ಕೆ ಬೆಕ್ಕಿನ ಕಥೆಯೇ ಇರಲಿ ಬಿಡಿ. ಸಿಮೆಂಟಿನ ಕಥೆ ಕೇಳಿ ಕೇಳಿ ನನಗೇ ಸಾಕಾಗಿದೆ," ಎಂದರು. ಪಕ್ಕದಲ್ಲಿ ಪತ್ನಿ, "ಅದೇ ಹೆಚ್ಚು ಹೊಂದುತ್ತೆ," ಎಂದರು.

"ಒಂದಕ್ಷರ ಆಚೆ ಈಚೆ ಆದ್ರೆ ಪೀರಿಯಡ್ ಕಿತ್ಕೊಳ್ಳಿ ಅಂತ ಅವರೇ ಹೇಳಿದಾರೆ ಮೇಡಂ," ಗಣಿತದ ಮೇಷ್ಟ್ರು ನೆನಪಿಸಿದರು. ಆಮೇಲೆ ಯಾಕೋ ಡೈರೆಕ್ಟರಮ್ಮನ ಮುಖ ನೋಡಿ ಕೆಮ್ಮಿದರು. "ಕಿತ್ಕೊಳ್ಳೋದು ಬೇಡ ಬಿಡಿ. ನಿದ್ದೆ ವಿಷಯದಲ್ಲಿ ನನ್ನ ಲೆಕ್ಕವೂ ತಪ್ಪಿದೆ. ಬೇಕಾದ್ರೆ ವಾರಕ್ಕೊಂದು ದಿನ ನಾನೇ ಲೈಬ್ರರಿಗೆ ಬಂದು ಇವರಿಗೆ ನಾಲ್ಕರವರೆಗೆ ಎಣಿಸೋದು ಕಲಿಸ್ತೀನಿ."

"ಪೀರಿಯಡ್ ಲೈಬ್ರರಿಗೇ!" ಎಂದರು ಹೆಡ್ ಮೇಡಂ. ಏಳನೇ ಕ್ಲಾಸು ಹೋ ಎಂದು ಕೂಗಿತು. ಶ್ ಸರ್ "ಶ್" ಎನ್ನಲಿಲ್ಲ. ಎನ್ನುವ ಮುಖ ಉಳಿದಿರಲಿಲ್ಲ.

ಗದ್ದಲದ ನಡುವೆಯೇ ಅವರು ಹೆಂಡತಿಯ ಬಳಿ ಸರಿದು ಹಲ್ಲು ಕಚ್ಚಿ ಪಿಸುಗುಟ್ಟಿದರು. "ಇದೇನಾ ನಿನ್ನ ರಸ್ತೆ ನಿಯಮ? ಮನೆ ಮರ್ಯಾದೆಯೆಲ್ಲ ಬೀದಿಗಿಟ್ಟೆಯಲ್ಲೇ! ಗೊರಕೆ ಬೇರೆ ರೆಕಾರ್ಡು ಮಾಡಿ ಕೊಟ್ಟಿದೀಯ!"

"ಆಧಾರ ಬೇಕು ಅಂತ ಮಕ್ಕಳು ಪಟ್ಟು ಹಿಡಿದ್ರು ರೀ. ನಾನು ಹೇಳಿದ್ದರಲ್ಲಿ ಅರ್ಧ ಕೂಡ ಹಾಕಿಲ್ಲ ಪಾಪ," ಎಂದರು ಹೆಂಡತಿ. "ಮೂರು ನಿಮಿಷದಲ್ಲಿ ಎಷ್ಟೂಂತ ಹಿಡಿಸ್ತಾರೆ?"

ಅಷ್ಟರಲ್ಲಿ ಹೆಡ್ ಮೇಡಂ ಮೈಕ್ ಚಾಚಿದರು. "ಎರಡು ಮಾತಾಡಿ ಸರ್."

ಮೈಕ್ ಕೈಗೆ ಬಂದದ್ದೇ ತಡ, ಶ್ ಸರ್ ಎದೆ ಮತ್ತೆ ಉಬ್ಬಿತು. ಕತ್ತು ನೆಟ್ಟಗಾಯಿತು. ಆದದ್ದೆಲ್ಲ ಮರೆತೇ ಹೋಯಿತು! "ಮಾನ್ಯರೇ! ಇದು ಬರೀ ಆರಂಭ. ಮುಂದಿನ ವರ್ಷ ಈ ಲೈಬ್ರರಿಯಲ್ಲಿ ನಾನು ಎಂಥ ಇತಿಹಾಸ ನಿರ್ಮಾಣ ಮಾಡ್ತೀನಿ ಅಂದರೆ..."

ಎರಡನೇ ಸಾಲಿನಲ್ಲಿ ಒಂದು ಬಲಗಾಲು ನೆಲವನ್ನು ಒತ್ತಿತು. ಜೊತೆಗೇ ಒಂದು ಬೆರಳು ತುಟಿಗೆ ಹೋಯಿತು. ಡೈರೆಕ್ಟರಮ್ಮನ ಬೆರಳೂ ಹೋಯಿತು, ಅಜ್ಜಿಯದೂ ಹೋಯಿತು, ಮೀಸೆಯ ಕೆಳಗೆ ಅಧ್ಯಕ್ಷರದೂ ಹೋಯಿತು. ಮಕ್ಕಳು, ಪೋಷಕರು, ಬೇಕರಿಯವರು, ಗಣಿತದವರು, ಇಡೀ ಲೈಬ್ರರಿ ಒಂದೇ ಉಸಿರಿನಲ್ಲಿ ಹೇಳಿತು:

"ಶ್‌ಶ್‌ಶ್!"